ಎಡಕ್ಕೆ ಎಳೆದ ಲಾರಿ

೨೦೦೯ರ ಮಾರ್ಚ್ ೧೪, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ವೆಲ್ಡರ್ ಲಾರಿ ಡ್ರೈವರನ ಬಲಗೈಯನ್ನು ಕಬ್ಬಿಣ ಬಿಗಿಹಿಡಿಯುವ ವೈಸಿನ ದವಡೆಗಳ ನಡುವೆ ತುರುಕಿ ಹಿಡಿಯನ್ನು ಇನ್ನರ್ಧ ಸುತ್ತು ತಿರುಗಿಸಿದ. ಕಿರುಬೆರಳಿನ ಮೂಳೆ ಮುರಿದದ್ದು ಇಬ್ಬರಿಗೂ ಕೇಳಿಸಿತು.

"ಬೇಕೂಂತಲೇ ಸ್ಟೀರಿಂಗ್ ತಿರುಗಿಸ್ದೆ ಅಂತ ಒಪ್ಕೋ. ಅಣ್ಣನ ಹೆಣ ಎತ್ತೋಕೆ ಮುಂಚೆ ಅವನ ಎದುರು ನಿಂತು ಹೇಳು."

ಡ್ರೈವರ್ ಹಿಂದಿನ ಸಂಜೆಯಿಂದ ಹೇಳುತ್ತಿದ್ದುದನ್ನೇ ಹೇಳಿದ. ಬ್ರೇಕ್ ಒತ್ತಿದ್ದಷ್ಟೇ, ಲಾರಿ ತಾನಾಗಿಯೇ ಎಡಕ್ಕೆ ಎಳೆಯಿತು.

ಶೆಡ್ಡಿನ ಆಚೆ, ಮನೆಯ ಮುಂದೆ, ವೆಲ್ಡರನ ಅಣ್ಣ, ಲಾರಿ ರಿಪೇರಿಯ ಮೇಸ್ತ್ರಿಯ ಹೆಣ ಬಿಳಿ ಬಟ್ಟೆಯ ಕೆಳಗಿತ್ತು. ಲಾರಿ ಅವನನ್ನು ಗೋಡೆಗೆ ಒತ್ತಿದ್ದರಿಂದ ಎದೆಯ ಭಾಗದಲ್ಲಿ ಬಟ್ಟೆ ತಗ್ಗಿತ್ತು. ಆ ತಗ್ಗು ಕಾಣದಿರಲೆಂದು ಯಾರೋ ಒಂದು ದಿಂಬು ಇಟ್ಟಿದ್ದರು. ಬಾಡಿಗೆ ಕುರ್ಚಿಗಳಲ್ಲಿ ಟೈರಿನವನೂ ಪೇಂಟರೂ ಪಕ್ಕಪಕ್ಕ ಕೂತಿದ್ದರು.

"ಲಾರಿ ನರಳಿದ್ರೆ ಎದ್ದು ಕೂರ್ತಿದ್ದ. ಹೆಂಡತಿ ನರಳಿದ್ರೆ ಮಗ್ಗುಲು ಬದಲಾಯಿಸ್ತಿದ್ದ," ಎಂದ ಟೈರಿನವನು. ಪೇಂಟರ್ ನಗು ತಡೆಯಲು ಬಾಯಿಗೆ ಕರವಸ್ತ್ರ ಒತ್ತಿಕೊಂಡ.

ಶೆಡ್ಡಿನಿಂದ ಮತ್ತೊಂದು ಚೀರಾಟ ಬಂತು. ಯಾರೂ ಏಳಲಿಲ್ಲ. ಎಂಟು ದಿನದ ಹಿಂದೆ ಮೇಸ್ತ್ರಿ ಆ ಡ್ರೈವರನ ತಲೆ ಒಡೆದಿದ್ದ. ಡ್ರೈವರ್ ಅದರ ಸೇಡು ತೀರಿಸಿಕೊಂಡ ಎಂದು ಎಲ್ಲರೂ ತೀರ್ಮಾನಿಸಿಯಾಗಿತ್ತು. ಎದ್ದವಳು ಮೇಸ್ತ್ರಿಯ ಮಗಳು. ಅವಳು ಶೆಡ್ಡಿನ ಕಡೆ ಹೋಗದೆ, ಅಂಗಳದಲ್ಲಿ ನಿಂತಿದ್ದ ಲಾರಿಯ ಕೆಳಗೆ ನುಸುಳಿದಳು.

*

ಮೇಸ್ತ್ರಿ ಲಾರಿಯ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದ. ಎರಡೂ ಕಿವಿಗೆ ಹತ್ತಿ ತುರುಕಿ, ನಾಲ್ಕೈದು ಗೇಣುದ್ದದ ಕಬ್ಬಿಣದ ಸರಳೊಂದನ್ನು ಕಚ್ಚಿ, ನಿಧಾನವಾಗಿ ಸಾಗುವ ಲಾರಿಯ ಪಕ್ಕ ಬಗ್ಗಿ ನಡೆಯುತ್ತ ಸರಳಿನ ಇನ್ನೊಂದು ತುದಿಯನ್ನು ಚಕ್ರದ ಹಿಂದಿನ ಕಬ್ಬಿಣಕ್ಕೆ ತಾಗಿಸುತ್ತಿದ್ದ. ಸದ್ದು ದವಡೆಯ ಮೂಳೆ ಹಿಡಿದು ತಲೆಗೆ ಬರುತ್ತಿತ್ತು. ಮನೆಯಲ್ಲಿ ಮಾತ್ರ ಸದ್ದೇ ಆಗಕೂಡದು. ಹೆಂಡತಿಯ ಕೈಯಿಂದ ತಟ್ಟೆ ಜಾರಿದ ಒಂದು ಮಧ್ಯಾಹ್ನ ಅವಳ ಮುಂದಿನ ಹಲ್ಲೊಂದು ಹೋಗಿತ್ತು.

ಎಂಟು ದಿನದ ಹಿಂದೆ ಡ್ರೈವರ್ ನಗುತ್ತಲೇ ಬಂದಿದ್ದ. ಅವನ ಲಾರಿಯ ಎಡ ಮುಂಚಕ್ರದ ಮೇಲೆ ಭಾರ ಹೊರುವ ಕಮಾನು ಪಟ್ಟಿಗಳನ್ನು ಮೇಸ್ತ್ರಿಯೇ ಹೊಸದಾಗಿ ಕೂರಿಸಿದ್ದ. ಹೊಸ ಪಟ್ಟಿಗಳು ಮೊದಲ ಲೋಡಿಗೆ ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ. ಆಮೇಲೆ ಅವನ್ನು ಚಕ್ರಗಳ ಅಚ್ಚಿಗೆ, ಆಕ್ಸೆಲಿಗೆ, ಹಿಡಿದಿರುವ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಲೇಬೇಕು.

"ಮೇಸ್ತ್ರಿ, ಲೋಡ್ ಇಳಿಸಿ ಬಂದೆ. ಬೋಲ್ಟ್ ಇನ್ನೊಂದ್ಸಲ ಬಿಗಿ ಮಾಡ್ಬೇಕಲ್ವಾ?"

ನಾಲ್ಕು ಜನ ಗಿರಾಕಿಗಳ ಮುಂದೆ ಕೇಳಿದ್ದು ತಪ್ಪಾಯಿತು. "ನಂಗೇ ಕೆಲಸ ಕಲಿಸ್ತೀಯೇನೋ?" ಎಂದು ಮೇಸ್ತ್ರಿ ಕೈಯಲ್ಲಿದ್ದ, ಬೋಲ್ಟು ತಿರುಗಿಸುವ ಪಾನಾವನ್ನೇ ಬೀಸಿದ. ಬಿದ್ದವನನ್ನು ಒದ್ದ. ಮಗಳು ಡ್ರೈವರನ ತಲೆಗೆ ಬಟ್ಟೆ ಸುತ್ತಿ ಕಳಿಸಿದಳು. ಬೋಲ್ಟು ಬಿಗಿ ಮಾಡಲು ಅವಳಿಗೂ ಬರುತ್ತಿತ್ತು. ಅಪ್ಪ ನೋಡುತ್ತಿದ್ದ, ಅವಳು ಮುಟ್ಟಲಿಲ್ಲ.

ಅದೇ ಲಾರಿ ನಿನ್ನೆ, ಬ್ರೇಕ್ ಹಿಡಿದಾಗಲೆಲ್ಲ ಮುಂದೆ ಎಲ್ಲೋ ಟಕ್ಕೆನ್ನುತ್ತದೆ ಎಂಬ ದೂರಿನೊಂದಿಗೆ ಮರಳಿ ಬಂದಿತ್ತು. ಮೇಸ್ತ್ರಿ ಸರಳು ಕಚ್ಚಿಕೊಂಡು ಲಾರಿಯ ಎಡಕ್ಕೆ, ಗೋಡೆಯ ಬದಿಗೆ ಹೋದ.

*

ಮಗಳು ಲಾರಿಯ ಕೆಳಗಿಂದ ಎದ್ದು ಶೆಡ್ಡಿಗೆ ಬಂದಾಗ ವೆಲ್ಡರ್ ಹಿಡಿಯ ಮೇಲೆ ಭಾರ ಹಾಕುತ್ತಿದ್ದ.

"ಚಿಕ್ಕಪ್ಪ, ನಟ್ಟು ಬೆರಳಲ್ಲೇ ತಿರುಗುತ್ತೆ. ಅಪ್ಪ ಬಿಗಿ ಮಾಡಿಲ್ಲ."

ಅವನು ಹೊಡೆದ ಏಟಿಗೆ ಅವಳ ತುಟಿ ಒಡೆಯಿತು. "ಸತ್ತವನ ತಲೆಗೆ ಕಟ್ತೀಯಾ?"

"ಅಳತೆ ಟೇಪು ಹೇಳ್ಲಿ. ಬ್ರೇಕಿಗೆ ಎಡಗಡೆ ಆಕ್ಸೆಲ್ ಹಿಂದಕ್ಕೆ ಜಾರಿದ್ರೆ ಲಾರಿ ಎಡಕ್ಕೇ ಹೋಗುತ್ತೆ, ಸ್ಟೀರಿಂಗ್ ಯಾರೂ ಮುಟ್ಟಬೇಕಿಲ್ಲ. ಎರಡೂ ಕಡೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಅಳೆಯೋಣ. ಸಮ ಇದ್ರೆ ಇವನ ಇನ್ನೊಂದು ಕೈನೂ ನಾನೇ ಹಿಡಿದು ಕೊಡ್ತೀನಿ." ಅವಳು ರಕ್ತ ಉಗುಳಿದಳು. "ಒಬ್ಬಳಿಂದ ಆಗಲ್ಲ. ಒಂದು ತುದಿ ನೀನು ಹಿಡೀಬೇಕು."

ವೆಲ್ಡರ್ ವೈಸಿನ ಹಿಡಿ ಬಿಟ್ಟ.

ಅವರು ಮುಂದಿನ ಚಕ್ರಗಳನ್ನು ನೇರ ಮಾಡಿಕೊಂಡರು. ಬಲಗಡೆ, ಚಕ್ರದ ನಡುವಿನಿಂದ ನಡುವಿಗೆ, ೪೨೨೫ ಮಿಲಿಮೀಟರ್. ಎಡಗಡೆ ವೆಲ್ಡರ್ ಅವಳನ್ನು ನಂಬದೆ ಅಂಕಿಯಿರುವ ತುದಿಯನ್ನು ತಾನೇ ತೆಗೆದುಕೊಂಡ. ಓದಿದ. ಟೇಪು ಸುರುಳಿಗೆ ಬಿಟ್ಟು, ಮತ್ತೆ ಎಳೆಸಿ, ಮತ್ತೆ ಓದಿದ. ಕುರ್ಚಿಗಳಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದು ನಿಂತರು. ಎಷ್ಟು ಎಂದು ಮುಂದಿನ ಹಲ್ಲೊಂದಿಲ್ಲದ ಬಾಯಲ್ಲಿ ಕೇಳಿದ್ದು ಮೇಸ್ತ್ರಿಯ ಹೆಂಡತಿ ಮಾತ್ರ. ವೆಲ್ಡರ್ ಮಂಡಿಯೂರಿ ಕೂತೇ ಇದ್ದ, ಹೆಬ್ಬೆರಳನ್ನು ಅಂಕಿಯ ಮೇಲಿಂದ ತೆಗೆಯಲಿಲ್ಲ. ಮಗಳು ಬಂದು ಆ ಬೆರಳನ್ನು ಸರಿಸಿದಳು.

೪೧೯೭ ಮಿಲಿಮೀಟರ್. ಇಪ್ಪತ್ತೆಂಟು ಕಡಿಮೆ.