ಒಳಗೆಳೆದ ಉಸಿರು

ಅಸ್ನಾಕೆಚ್‌ಳ ಆಶ್ರಯದ ಅರ್ಜಿ ತಿರಸ್ಕೃತವಾದ ಮೇಲೆ, ಅವಳ ವಕೀಲೆ ಬ್ರೈಡಿ ಲೀಡ್ಸ್‌ನ ನನ್ನ ಮನೆಗೇ ಬಂದಳು. ನಮ್ಮೂರು ಅಡಿಸ್ ಅಬಾಬಾದ ದಲ್ಲಾಳಿಯೊಬ್ಬ ಅಸ್ನಾಕೆಚ್‌ಳನ್ನು ಶ್ರೀಮಂತರ ಮನೆಗೆಲಸಕ್ಕೆ ಮಾರಿದ್ದ. ಅವರು ಅವಳನ್ನು ಲಂಡನ್ನಿಗೆ ಕರೆತಂದು, ಬೀಗ ಹಾಕಿಟ್ಟು ದುಡಿಸಿದರು. ತಪ್ಪಿಸಿಕೊಂಡು ಬಂದವಳು ನನ್ನ ಜೊತೆಗಿದ್ದಳು. ಮೇಲ್ಮನವಿಯೂ ಸೋತರೆ ಮತ್ತೆ ಆ ದಲ್ಲಾಳಿ ಇರುವ ಊರಿಗೇ ಹೋಗಬೇಕು.

"ಸಂದರ್ಶನದಲ್ಲಿ ಮುಖ್ಯ ಪ್ರಶ್ನೆಗಳಿಗೆ ಇವಳು ಉತ್ತರವನ್ನೇ ಕೊಟ್ಟಿಲ್ಲ, ನಂಬೋಕಾಗಲ್ಲ ಅಂತಾರೆ ಅಧಿಕಾರಿಗಳು," ಎಂದಳು ಬ್ರೈಡಿ.

ಅಸ್ನಾಕೆಚ್ ಕಾಫಿ ಬಗ್ಗಿಸುತ್ತಿದ್ದಳು. "ಜೋಳದರಳಿಗೆ ಉಪ್ಪು ಹಾಕಿದೀಯೇನೇ?" ಎಂದು ನಮ್ಮ ಭಾಷೆಯಲ್ಲಿ ಕೇಳಿದೆ. ಅವಳು ಸರಕ್ಕನೆ ಉಸಿರು ಒಳಗೆಳೆದುಕೊಂಡಳು.

ಬ್ರೈಡಿ ಬೆಚ್ಚಿದಳು. "ಅಯ್ಯೋ, ಕೈ ಸುಟ್ಕೊಂಡ್ಲಾ?"

"ಇಲ್ಲಮ್ಮ, ಹೌದು ಅಂದ್ಲು."

"ಯಾವಾಗ?"

"ಈಗಷ್ಟೇ. ನಮ್ಮಲ್ಲಿ ಹೌದು ಅನ್ನೋಕೆ ಆ ಉಸಿರಷ್ಟೇ ಸಾಕು."

"ಅವತ್ತು ದುಭಾಷಿ ಫೋನಲ್ಲಿದ್ದ, ಎಮಾಮಾ! ಅವನಿಗೆ ಕೇಳಿಸಿಯೇ ಇಲ್ಲ!" ಅಸ್ನಾಕೆಚ್‌ಳಂತೆ ನನ್ನನ್ನು ಎಮಾಮಾ, ಅಂದರೆ ದೊಡ್ಡಮ್ಮ, ಎಂದೇ ಕರೆಯುವ ಬ್ರೈಡಿ ಚೀಲ ಎತ್ತಿಕೊಂಡಳು. ಸಂದರ್ಶನದ ಧ್ವನಿಮುದ್ರಣವನ್ನು ಆಗಲೇ ಕೇಳಬೇಕಿತ್ತು ಅವಳಿಗೆ.

ಅಸ್ನಾಕೆಚ್ ಅವಳ ತೋಳು ಹಿಡಿದಳು. "ಕೂತ್ಕೋ ಅಕ್ಕ. ನಮ್ಮ ಕಾಫಿ ಮೂರು ಸಲ ಕುಡೀಬೇಕು, ಆಶೀರ್ವಾದ ಇರೋದು ಮೂರನೇ ಬಟ್ಟಲಲ್ಲಿ." ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಅಷ್ಟು ಅವಸರದಲ್ಲೂ ಆ ಹುಡುಗಿ ಕೂತು, ಮೂರನ್ನೂ ಕುಡಿದೇ ಹೋದಳು.

ಮೇಲ್ಮನವಿಯ ವಿಚಾರಣೆಯ ದಿನ ಆ ಧ್ವನಿಮುದ್ರಣ ಕೇಳಿಸಿದರು. "ಪಾಸ್‌ಪೋರ್ಟ್ ಕಿತ್ತುಕೊಂಡಿದ್ದರೇ?" ಎಂಬ ಪ್ರಶ್ನೆಯ ಹಿಂದೆಯೇ ತೆಳುವಾದ ಒಂದು ಉಸಿರು. "ಹೊರಗಿನಿಂದ ಬೀಗ ಹಾಕುತ್ತಿದ್ದರೇ?" ಮತ್ತೆ ಅದೇ. ಅಸ್ನಾಕೆಚ್ ತಲೆ ತಗ್ಗಿಸಿ ಕೂತಿದ್ದಳು. ಯಾರೂ ಕೇಳದಿದ್ದರೂ ಗುಮಾಸ್ತರು ನೀರಿನ ಲೋಟವನ್ನು ಅವಳತ್ತ ಸರಿಸಿದರು.

ನ್ಯಾಯಾಧೀಶೆ ನ್ಯಾಯಾಲಯದ ದುಭಾಷಿಯತ್ತ ತಿರುಗಿದರು. ಆಕೆಯೂ ನಮ್ಮವಳೇ. "ನಿಮ್ಮಲ್ಲಿ ಇದಕ್ಕೆ ಹೌದು ಅಂತ ಅರ್ಥವೇ?"

ಆಕೆ ಸರಕ್ಕನೆ ಉಸಿರೆಳೆದುಕೊಂಡಳು. ಮರುಕ್ಷಣವೇ ನಾಚಿ, "ಕ್ಷಮಿಸಿ ಮೇಡಂ... ಹೌದು," ಎಂದಳು. ಸರ್ಕಾರದ ಪರ ವಕೀಲರೇ ಮೊದಲು ನಕ್ಕರು.

ತೀರ್ಪು ಬರಲು ಕೆಲವು ವಾರ ಹಿಡಿಯಿತು. ಬ್ರೈಡಿ ಫೋನಿನಲ್ಲೇ ಕೂಗಿದಳು: "ಗೆದ್ವಿ ಎಮಾಮಾ! ಇಲ್ಲೇ ಇರಬಹುದು ಅವಳು!"

ಅಸ್ನಾಕೆಚ್ ಇಂಜೆರಾ ದೋಸೆಯ ಹಿಟ್ಟಿನ ಕೈಯಲ್ಲೇ ನನ್ನನ್ನು ತಬ್ಬಿ, ನಮ್ಮೂರ ಹೆಂಗಸರು ಸಂಭ್ರಮಕ್ಕೆ ಕೂಗುವಂತೆ ನಾಲಿಗೆ ಆಡಿಸುತ್ತ ಇಲಿಲಿಲಿ ಎಂದು ಕೂಗಿದಳು. ಪಕ್ಕದ ಮನೆಯ ಮಿಸೆಸ್ ಪಿಕರ್ಸ್‌ಗಿಲ್ ಮನೆಚಪ್ಪಲಿಯಲ್ಲೇ ಓಡಿಬಂದರು.

"ಏನ್ರೀ, ಬೆಂಕಿ ಬಿತ್ತಾ?"

"ಇಲ್ಲ, ಹುಡುಗಿ ಇಲ್ಲೇ ಇರಬಹುದಂತೆ."

ಅವರು ಕಣ್ಣೊರೆಸಿಕೊಂಡರು. "ಹಾಗಾದ್ರೆ ಇನ್ನೊಂದ್ಸಲ ಕೂಗೇ ಮಗಳೇ, ಜೋರಾಗಿ. ನಮ್ಮ ಮನೆಯವರಿಗೆ ಕಿವಿ ಮಂದ."