ಎರಡು ಕ್ಲಾಂಪ್

"ಲೈಬ್ರರಿ ಕಪಾಟಿನ ಕೆಲಸ ನಮ್ಮ ಬೀದಿ ಬಡಗಿಗಳೆಲ್ಲ ಹಂಚ್ಕೊಂಡ್ರಂತೆ. ನಿಮ್ಗೆ ಯಾರೂ ಹೇಳ್ಲೇ ಇಲ್ವಾ?"

ಹೆಂಡತಿಯ ಮಾತಿಗೆ ಬಡಗಿ ತಲೆಯೆತ್ತಲಿಲ್ಲ. ಮಾಡಲು ಕೆಲಸವಿಲ್ಲದೆ, ಹರಿತವಾಗಿಯೇ ಇದ್ದ ಉಳಿಯನ್ನು ಮತ್ತೆ ಮಸೆಯುತ್ತಿದ್ದ. ಬಡಗಿಗಳ ಮೊಬೈಲ್ ಗುಂಪಿನಲ್ಲಿ ಅವನೂ ಇದ್ದ. ಅಲ್ಲಿ ಬೆಳಗಾದರೆ ಹೂವಿನ ಚಿತ್ರ, ಸಂಜೆಯಾದರೆ ಹಿತವಚನ. ಕೆಲಸದ ಸುದ್ದಿ ಮಾತ್ರ ಬಂದಿರಲಿಲ್ಲ.

"ಹೊಟ್ಟೆಕಿಚ್ಚು ಅವ್ರಿಗೆ."

"ಹೊಟ್ಟೆಕಿಚ್ಚೂ ಇಲ್ಲ, ಮಣ್ಣೂ ಇಲ್ಲ. ಮೊದ್ಲು ಯಾರಾದ್ರೂ ಬರ್ತಿದ್ರು, ಇಲ್ಲಾ ನೀವೇ ಹೋಗ್ತಿದ್ರಿ. ಈಗ ನಮ್ಮ ಹೊಸ್ತಿಲು ಯಾರು ತುಳೀತಾರೆ? ಹೀಗೇ ಆದ್ರೆ ಅಂಗಡಿ ಮುಚ್ಬೇಕಾಗುತ್ತೆ, ಅಷ್ಟೇ."

ಅಂಟಿಸಿದ ಹಲಗೆಗಳನ್ನು ಬಿಗಿಯಾಗಿ ಹಿಡಿದಿಡುವ ಕ್ಲಾಂಪ್ ಆ ಬೀದಿಯಲ್ಲಿ ಯಾರ ಬಳಿಯೂ ಸಾಕಷ್ಟು ಇರುತ್ತಿರಲಿಲ್ಲ. ದೊಡ್ಡ ಮೇಜು ಮಾಡುವವನು ಅಂಗಡಿ ಅಂಗಡಿ ಸುತ್ತಿ ಕೂಡಿಸಬೇಕು. ಹಾಗೆ ಸುತ್ತುವಾಗಲೇ ಎಲ್ಲಿ ಕೆಲಸವಿದೆ, ಯಾವ ಗಿರಾಕಿ ಕೈಕೊಡುತ್ತಾನೆ ಎಂಬುದೆಲ್ಲ ಕಿವಿಗೆ ಬೀಳುತ್ತಿತ್ತು. ಕಂಡವರ ಮುಂದೆ ಕೈಚಾಚುವ ಗೋಳೇ ಬೇಡವೆಂದು ಕಳೆದ ವರ್ಷ ಅವನು ಗೋಡೆ ತುಂಬ ಹೊಸ ಕ್ಲಾಂಪ್ ತಂದು ನೇತುಹಾಕಿದ್ದ. ಕೇಳಿ ಬಂದವರಿಗೆ "ಹೊಸದು, ಹಾಳಾದೀತು" ಎಂದು ರಾಗ ಎಳೆದಿದ್ದ. ಆಮೇಲೆ ಯಾರೂ ಕೇಳಲು ಬರಲಿಲ್ಲ. ಆಗ ಅವನಿಗೆ ನೆಮ್ಮದಿಯೇ ಆಗಿತ್ತು, ಈಗ ಭಯವಾಯಿತು.

ಉಳಿಯನ್ನು ಬದಿಗಿಟ್ಟು ಎದ್ದ. ಮೂಲೆಯ ಅಂಗಡಿಯಲ್ಲಿ ಬೀದಿಯ ಹಿರಿಯ ಬಡಗಿ, ಎಲ್ಲರೂ ದೊಡ್ಡಣ್ಣ ಎಂದು ಕರೆಯುವವನು, ಹಲಗೆ ಉಜ್ಜುತ್ತಿದ್ದ.

"ಅಣ್ಣ, ಎರಡು ಕ್ಲಾಂಪ್ ಬೇಕಿತ್ತು."

ದೊಡ್ಡಣ್ಣ ಕನ್ನಡಕದ ಮೇಲಿನಿಂದ ನೋಡಿದ. "ನಿನ್ ಗೋಡೆ ತುಂಬ ಇವೆಯಲ್ಲೋ?"

"ಸಾಲ್ತಿಲ್ಲ ಅಣ್ಣ."

ಅವನ ಕೈಯಲ್ಲಿ ಕೆಲಸವಿಲ್ಲವೆಂದು ಬೀದಿಗೆಲ್ಲ ಗೊತ್ತಿತ್ತು. ಸುಳ್ಳು ಹೇಳುವಾಗ ಅವನ ಕಿವಿ ಬಿಸಿಯಾಯಿತು. ದೊಡ್ಡಣ್ಣ ಮತ್ತೇನೂ ಕೇಳದೆ ಎರಡು ಹಳೆಯ ಕ್ಲಾಂಪ್ ತೆಗೆದುಕೊಟ್ಟ. "ಅಂಟು ಒರೆಸಿ ತಂದ್ಕೊಡು."

ಮರುದಿನ ಬೆಳಿಗ್ಗೆ ಅವನು ಕ್ಲಾಂಪ್‌ಗಳನ್ನು ಹಿಂದಿರುಗಿಸಿದ. ರಾತ್ರಿಯೆಲ್ಲ ಸುಮ್ಮನೆ ಬಿದ್ದಿದ್ದವುಗಳಿಗೆ ಅಂಟು ಎಲ್ಲಿಂದ ಬರಬೇಕು? ಆದರೂ ಒರೆಸಿ ತಂದಿದ್ದ. ದೊಡ್ಡಣ್ಣ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟ.

"ನಿನ್ ಹತ್ರ ಸಣ್ಣ ಗರಗಸ ಇದ್ರೆ ಸಂಜೆ ತಂದ್ಕೊಡು. ಹಾಗೇ ಕೂತು ಮಾತಾಡೋಣ. ಲೈಬ್ರರಿ ಕಪಾಟಿನ ಬಾಗಿಲ ಕೆಲಸ ಇನ್ನೂ ಯಾರೂ ಹಿಡಿದಿಲ್ಲ."

ದೊಡ್ಡಣ್ಣನ ಬೆನ್ನ ಹಿಂದೆಯೇ, ಮೊಳೆಗೆ ಸಿಕ್ಕಿಸಿದ್ದ ಸಣ್ಣ ಗರಗಸ ಕಾಣುತ್ತಿತ್ತು. ಹಲ್ಲುಗಳ ಸಂದಿಯಲ್ಲಿ ಆಗಷ್ಟೇ ಕೊಯ್ದ ಮರದ ಪುಡಿ ಇತ್ತು.

"ಸಂಜೆ ಯಾಕಣ್ಣ, ಈಗ್ಲೇ ತರ್ತೀನಿ," ಎಂದು ಅವನು ಬಿರಬಿರನೆ ಹೊರಟ.