ಮೂರನೆಯ ಗುಂಡಿ

“ನಿನ್ನೆ ನಿಮಗೆ ಮೂರು ಮಾತು ಹೇಳಿದ್ದೆ. ಯಾವುದು, ಹೇಳಿ ನೋಡೋಣ?” ಎಂದರು ಡಾಕ್ಟರು.

ಮಂಚದ ಮೇಲೆ ಕೂತ ತಾಯಿ ಸೂಜಿಗೆ ದಾರ ಪೋಣಿಸುತ್ತಲೇ, “ಕೊಡೆ, ಮೇಕೆ, ಕಿಟಕಿ,” ಎಂದಳು. “ಮೇಕೆಗೆ ಕೊಡೆ ಯಾಕೆ ಬೇಕಾಯ್ತೋ, ಅದನ್ನ ನೀವೇ ಹೇಳ್ಬೇಕು.”

ಮಗಳು ಕೈಯಲ್ಲಿದ್ದ ಲೋಟ ಕೆಳಗಿಟ್ಟು ತಾಯಿಯತ್ತ ತಿರುಗಿದಳು. ಕಾಯಿಲೆ ಬಿದ್ದಂದಿನಿಂದ ಈ ತಲೆಯೊಳಗೆ ಹೋದ ಒಂದು ಮಾತೂ ಮರುದಿನದ ಬೆಳಗು ಕಂಡಿರಲಿಲ್ಲ.

“ಬಾಗಿಲು ತೆರೀತಾ ಇವೆಯಮ್ಮ,” ಎಂದರು ಡಾಕ್ಟರು, ಮಗಳನ್ನು ವರಾಂಡಕ್ಕೆ ಕರೆದು. ಆ ಬಾಗಿಲುಗಳ ವಿಷಯ ಅವರು ಮೊದಲೇ ವಿವರಿಸಿದ್ದರು. ಮಿದುಳಿನ ಒಂದೊಂದು ಜೀವಕೋಶದ ಗೋಡೆಯಲ್ಲೂ ಕಣ್ಣಿಗೆ ಕಾಣದ ಬಾಗಿಲುಗಳಿರುತ್ತವೆ. ಅವುಗಳಿಂದ ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗಿದರಷ್ಟೇ ಕಂಡದ್ದು ಕೇಳಿದ್ದು ಬೇರೂರುವುದು. ಮೈ ಕಾಯಬೇಕಾದ ರಕ್ತದ ಕಾವಲುಪಡೆಯೇ ಆ ಬಾಗಿಲುಗಳನ್ನು ಹಗೆಯೆಂದು ಬಗೆದು ಕಿತ್ತುಹಾಕುತ್ತಿತ್ತು. ಬೇಲಿಯೇ ಹೊಲ ಮೇಯ್ದ ಹಾಗೆ. ಈಗ ಔಷಧ ಹತ್ತಿದೆ.

ಮಗಳು ಕಾಣದ ದೇವರಿಗೆ ಕಣ್ಣುಮುಚ್ಚಿ ಕೈಮುಗಿದಳು.

ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದ ಅಪ್ಪ, ಈ ಕಾಯಿಲೆಯ ನಡುವೆಯೇ ಕೂತಲ್ಲೇ ಹೋಗಿಬಿಟ್ಟಿದ್ದ. ಮೊದಮೊದಲು ತಾಯಿಗೆ ನಿಜವನ್ನೇ ಹೇಳಿದರು. ಹೇಳಿದಾಗಲೆಲ್ಲ ಅವಳು ಅದೇ ಮೊದಲು ಕೇಳಿದವಳಂತೆ ಎದೆ ಬಡಿದುಕೊಂಡಳು. “ಅಣ್ಣ ಸತ್ತಿದ್ದು ಒಂದೇ ಸಲ ಕಣಮ್ಮ. ದಿನಾ ಬೆಳಗೆದ್ದು ಯಾಕೆ ಸಾಯಿಸ್ತೀಯ?” ಎಂದ ಚಿಕ್ಕಪ್ಪ. ಅಂದಿನಿಂದ ಅಪ್ಪ ಬೆತ್ತ ತರಲು ಹೋದವನಾದ, ನಾಳೆ ಬರುವವನಾದ. “ಬರೋದ್ರೊಳಗೆ ಗುಂಡಿ ಹಾಕಿಡ್ತೀನಿ,” ಎಂದು ದರ್ಜಿ ಕೆಲಸ ಬಲ್ಲ ತಾಯಿ ಅವನ ನೀಲಿ ಅಂಗಿಯ ಮೂರನೆಯ ಗುಂಡಿ ಹೊಲಿಯುವಳು. ಸಂಜೆ ಮಗಳು ಅದನ್ನು ಮೆಲ್ಲಗೆ ಕತ್ತರಿಸಿಡುವಳು. ಮರುದಿನ ಅದೇ ಅಂಗಿ, ಅದೇ ಗುಂಡಿ, ಅದೇ ಸಮಾಧಾನ.

ಮಗಳು ಒಳಗೆ ಬಂದಾಗ ತಾಯಿ ಅಂಗಿಯನ್ನು ತೊಡೆಯ ಮೇಲೆ ಹರವಿಕೊಂಡು ಗುಂಡಿ ಹೊಲಿಯತೊಡಗಿದ್ದಳು.

“ಏನೇ, ಮದುವೆ ಗೊತ್ತಾದೋಳ ಥರ ಹಲ್ಲು ಕಿರೀತಿದ್ದೀಯ? ನಿಮ್ಮಪ್ಪ ಎಲ್ಲಿ?”

ಅಭ್ಯಾಸದ ನಾಲಗೆ ತಾನಾಗಿಯೇ ಹೊರಳಿತು. “ಬೆತ್ತ ತರೋಕೆ ಹೋಗಿದ್ದಾರಮ್ಮ. ನಾಳೆ ಬರ್ತಾರೆ.”

ಸೂಜಿ ನಿಂತಿತು.

“ನಿನ್ನೆನೂ ಹಾಗೇ ಅಂದೆ.”

ಕೈಮುಗಿದ ಬಿಸಿ ಮಗಳ ಅಂಗೈಯಲ್ಲಿ ಇನ್ನೂ ಆರಿರಲಿಲ್ಲ.

“ಈ ಗುಂಡಿನೂ ನಿನ್ನೆ ಹಾಕಿದ್ದೆ,” ಎಂದಳು ತಾಯಿ. ಅಂಗಿಯನ್ನೆತ್ತಿ ಬೆಳಕಿಗೆ ಹಿಡಿದಳು. ಗುಂಡಿಯ ಜಾಗದಲ್ಲಿ ಬಟ್ಟೆ ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಜರಡಿಯಾಗಿತ್ತು. ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಮಗಳ ಮುಖ ನೋಡಿದಳು.

“ಅಮ್ಮಾ, ಅದು…”

“ಹೇಳಿಬಿಡೇ. ಮತ್ತೆ ಕೇಳಲ್ಲ.”

ಮಗಳು ಹೇಳಿದಳು.

ತಾಯಿ ಎದೆ ಬಡಿದುಕೊಳ್ಳಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದು, ಗುಂಡಿಯನ್ನು ಮಗಳ ಅಂಗೈಯಲ್ಲಿಟ್ಟಳು. ಅಂಗಿಯ ಉಳಿದ ಗುಂಡಿಗಳನ್ನು ಕತ್ತಿನಿಂದ ಕೆಳಕ್ಕೆ, ಮೈಮೇಲಿದ್ದಾಗ ಹಾಕುವಂತೆ, ಒಂದೊಂದಾಗಿ ಹಾಕಿದಳು. ನಡುವೆ ಆ ಒಂದು ಜಾಗ ಮಾತ್ರ ಬಾಯಿಬಿಟ್ಟುಕೊಂಡಿತ್ತು. ಕಿಟಕಿಯ ಬಿಸಿಲು ಅದರ ತೂತುಗಳೊಳಗಿಂದ ಹಾದು ಅವಳ ತೊಡೆಯ ಮೇಲೆ ಚುಕ್ಕಿಚುಕ್ಕಿಯಾಗಿ ಬಿದ್ದಿತ್ತು.